ತಿಳಿನೀರಿನ ಲೆಕ್ಕ: ಅಮೆರಿಕದ ಕಲ್ನಾರು ಕಾರ್ಖಾನೆಗಳಿಗೆ ನೀರಿನ ಕಾನೂನು ಎಷ್ಟು ಭಾರವಾಯಿತು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಬೋರ್ಡಿನ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನು ವಾಕ್ಯಕ್ಕೆ ಇಳಿಸಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಕಾನೂನಿನ ಮಾತಿಗೆ ಹೋಗುವ ಮೊದಲು ಒಂದು ಯಂತ್ರದ ಪಕ್ಕ ಹೋಗಿ ನಿಲ್ಲೋಣ. ಅದಕ್ಕೆ ಹ್ಯಾಟ್ಶೆಕ್ ಯಂತ್ರ ಅನ್ನುತ್ತಾರೆ. ಆಸ್ಟ್ರಿಯಾದ ಲುಡ್ವಿಗ್ ಹ್ಯಾಟ್ಶೆಕ್ ಸುಮಾರು 1900ರಲ್ಲಿ ರೂಪಿಸಿದ ವಿಧಾನ. ಒಂದು ದೊಡ್ಡ ತೊಟ್ಟಿ. ಅದರ ತುಂಬ ಕಲ್ನಾರು (ಆಸ್ಬೆಸ್ಟಾಸ್ ಅನ್ನುವ ನಾರುನಾರಾದ ಖನಿಜ), ಸಿಮೆಂಟು, ನೀರು ಕಲಸಿದ ತೆಳ್ಳನೆಯ ಗಂಜಿ. ಆ ಗಂಜಿಯಲ್ಲಿ ಅರ್ಧ ಮುಳುಗಿ ತಿರುಗುತ್ತಿರುವ ಒಂದು ಜರಡಿಯ ಉರುಳೆ. ನೀರು ಜರಡಿಯ ಒಳಗೆ ಇಳಿಯುತ್ತದೆ, ನಾರೂ ಸಿಮೆಂಟೂ ಜರಡಿಯ ಮೈಗೆ ಹಾಲಿನ ಕೆನೆಯ ಹಾಗೆ ತೆಳುವಾಗಿ ಅಂಟಿಕೊಳ್ಳುತ್ತವೆ. ಮೇಲೆ ಓಡುತ್ತಿರುವ ಕಂಬಳಿಯಂಥ ದಪ್ಪ ಪಟ್ಟಿ ಆ ಕೆನೆಯನ್ನು ಎತ್ತಿಕೊಂಡು ಹೋಗಿ ಇನ್ನೊಂದು ಉರುಳೆಗೆ ಸುತ್ತುತ್ತದೆ. ಬೇಕಾದಷ್ಟು ದಪ್ಪ ಬಂದ ಮೇಲೆ ಕತ್ತರಿಸಿ ಬಿಡಿಸಿದರೆ ಶೀಟು. ಅದನ್ನೇ ಉಕ್ಕಿನ ದಿಂಡಿಗೆ ಒತ್ತಿ ಒತ್ತಿ ಸುತ್ತಿದರೆ ಪೈಪು.

ಈಗ ನನ್ನ ಪ್ರಶ್ನೆ: ಜರಡಿಯ ಒಳಗೆ ಇಳಿದ ನೀರು ಎಲ್ಲಿಗೆ ಹೋಯಿತು?

ಇವತ್ತಿನ ಮಾತೆಲ್ಲ ಆ ನೀರಿನ ಹಿಂದೆಯೇ ಹೋಗುತ್ತದೆ. ನೋಡಲಿಕ್ಕೆ ಮಜ್ಜಿಗೆ ನೀರಿನ ಹಾಗಿರುತ್ತದೆ. ಸಿಮೆಂಟಿನಿಂದ ಬಿಟ್ಟುಕೊಂಡ ಸುಣ್ಣ ಅದರಲ್ಲಿ ಕರಗಿರುತ್ತದೆ, ಆದ್ದರಿಂದ ಕ್ಷಾರ ಬಲು ಜೋರು. ಪಿಎಚ್ 12ರ ಹತ್ತಿರ. ಕೈ ಅದ್ದಿದರೆ ಚರ್ಮ ಜಾರುತ್ತದೆ. ಹಾಗೇ ಹೊಳೆಗೆ ಬಿಟ್ಟರೆ ಮೀನಿಗೆ ಉಳಿಗಾಲವಿಲ್ಲ. ಅದರ ಜತೆಗೆ ಜರಡಿಯ ಕಣ್ಣಿನಿಂದ ನುಸುಳಿಕೊಂಡ ಸಣ್ಣ ನಾರು, ಸಿಮೆಂಟಿನ ಹುಡಿ, ನುಣ್ಣಗೆ ಅರೆದ ಮರಳಿನ ಹುಡಿ.

ಒಂದು ಮಾತನ್ನು ಈಗಲೇ ಗುರುತು ಹಾಕಿಕೊಳ್ಳಿ. ಕಾನೂನು ಬರುವ ಎಷ್ಟೋ ಮೊದಲಿಂದಲೇ ಈ ಯಂತ್ರದ ಪಕ್ಕದಲ್ಲಿ ಆಲಿಕೆಯ ಆಕಾರದ ಒಂದು ಎತ್ತರದ ತೊಟ್ಟಿ ಇರುತ್ತಿತ್ತು. ಅದರ ಹೆಸರು ಸೇವ್-ಆಲ್. ಎಲ್ಲ ಉಳಿಸು ಅಂತ ಅರ್ಥ. ನೀರು ಅದರಲ್ಲಿ ನಿಧಾನ ಮಾಡಿದರೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ. ತಳದ್ದು ಮತ್ತೆ ಗಂಜಿಯ ತೊಟ್ಟಿಗೆ, ಮೇಲಿನ ತಿಳಿ ಮತ್ತೆ ಯಂತ್ರ ತೊಳೆಯಲಿಕ್ಕೆ. ಇದನ್ನು ಹೊಳೆಯ ಮೇಲಿನ ಪ್ರೀತಿಯಿಂದ ಕಟ್ಟಿದ್ದಲ್ಲ. ನಾರು ಕೆನಡಾದ ಕ್ವಿಬೆಕ್ ಗಣಿಗಳಿಂದ ಕಾಸು ಕೊಟ್ಟು ತರಿಸಿದ್ದು. ಅದನ್ನು ಚರಂಡಿಗೆ ಬಿಡುವವನು ದಡ್ಡ. ಹೀಗಾಗಿ ಮಾಲು ಉಳಿಸುವ ಕೆಲಸವೂ ನೀರು ತಿಳಿ ಮಾಡುವ ಕೆಲಸವೂ ಇಲ್ಲಿ ಒಂದೇ ತೊಟ್ಟಿಯಲ್ಲಿ ನಡೆಯುತ್ತಿದ್ದವು. ಎಲ್ಲ ಉದ್ಯಮಕ್ಕೂ ಈ ಅದೃಷ್ಟವಿಲ್ಲ. ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಯವರು ತಮ್ಮ ಹೊಲಸು ನೀರಿನಿಂದ ಇಷ್ಟು ಸಲೀಸಾಗಿ ಏನನ್ನೂ ವಾಪಸ್ ಪಡೆಯಲಾರರು.

ಇನ್ನು ಕಾನೂನು. 1972ರ ಅಕ್ಟೋಬರ್ 17ರಂದು ಅಧ್ಯಕ್ಷ ನಿಕ್ಸನ್ ಜಲಮಾಲಿನ್ಯ ಮಸೂದೆಯನ್ನು, ಖರ್ಚು ವಿಪರೀತವಾಯಿತು ಎಂದು, ವಿಟೋ ಮಾಡಿ ಕಳಿಸಿದರು. ಮಾರನೆಯ ದಿನವೇ ಕಾಂಗ್ರೆಸ್ಸಿನ ಎರಡೂ ಸದನಗಳು ಆ ವಿಟೋವನ್ನು ತಳ್ಳಿಹಾಕಿ ಅದನ್ನು ಕಾನೂನು ಮಾಡಿದವು. ನಾವು ಇವತ್ತು ಕ್ಲೀನ್ ವಾಟರ್ ಆಕ್ಟ್ ಅನ್ನುವುದು ಇದನ್ನೇ. ಅದಕ್ಕೂ ಮೊದಲಿನ ಕಾನೂನು ಹೊಳೆಯನ್ನು ನೋಡುತ್ತಿತ್ತು: ಈ ಹೊಳೆಯ ನೀರು ಇಷ್ಟು ಶುದ್ಧವಿರಬೇಕು, ಕೆಟ್ಟರೆ ಯಾರು ಕೆಡಿಸಿದರು ಹುಡುಕಿ. ಹತ್ತು ಕಾರ್ಖಾನೆ ಇರುವ ದಡದಲ್ಲಿ ಯಾರ ಕೊಳೆ ಯಾವುದು ಅಂತ ಹೇಳುವುದು ಹೇಗೆ? ಹೊಸ ಕಾನೂನು ಹೊಳೆಯನ್ನು ಬಿಟ್ಟು ಕೊಳವೆಯ ಬಾಯಿಗೆ ಬಂದು ನಿಂತಿತು. ನಿನ್ನ ಉದ್ಯಮದಲ್ಲಿ ಚೆನ್ನಾಗಿ ನಡೆಸುವವರು ಎಷ್ಟು ತಿಳಿ ಮಾಡಬಲ್ಲರೋ ಅಷ್ಟನ್ನು ನೀನೂ ಮಾಡು, ನಿನ್ನ ಹೊಳೆ ದೊಡ್ಡದೋ ಚಿಕ್ಕದೋ ನಮಗೆ ಬೇಡ.

ಎರಡು ಗಡುವು. 1977ರ ಜುಲೈ 1ರೊಳಗೆ, ಆಗ ಚಾಲ್ತಿಯಲ್ಲಿದ್ದ ಒಳ್ಳೆಯ ಕಾರ್ಖಾನೆಗಳ ಸರಾಸರಿ ಮಟ್ಟ. 1983ರ ಜುಲೈ 1ರೊಳಗೆ, ಆರ್ಥಿಕವಾಗಿ ಸಾಧ್ಯವಿರುವ ಅತ್ಯುತ್ತಮ ತಂತ್ರದ ಮಟ್ಟ. ಅದರ ಮೇಲೆ, 1985ಕ್ಕೆ ನದಿಗೆ ಕೊಳೆ ಬಿಡುವುದೇ ನಿಲ್ಲಬೇಕು ಎಂಬ ರಾಷ್ಟ್ರೀಯ ಗುರಿ. ಈ ಕೊನೆಯದು ಗುರಿಯಾಗಿಯೇ ಉಳಿಯಿತು ಅನ್ನುವುದು ನಿಮಗೆ ಗೊತ್ತು.

ಉದ್ಯಮಗಳ ಪಟ್ಟಿಯಲ್ಲಿ ಕಲ್ನಾರು ಸಾಮಾನು ತಯಾರಿಕೆಯೂ ಬಂತು. ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 1974ರ ಫೆಬ್ರವರಿಯಲ್ಲಿ ಮೊದಲ ಕಂತು ಹೊರಡಿಸಿತು: ಕಲ್ನಾರು-ಸಿಮೆಂಟ್ ಪೈಪು, ಶೀಟು, ಎರಡು ಬಗೆಯ ಕಲ್ನಾರು ಕಾಗದ, ಮಿಲ್‌ಬೋರ್ಡ್ ಅನ್ನುವ ದಪ್ಪ ರಟ್ಟು, ಛಾವಣಿ ಹಾಳೆ, ನೆಲಕ್ಕೆ ಹಾಸುವ ಬಿಲ್ಲೆ. 1975ರ ಜನವರಿಯಲ್ಲಿ ಎರಡನೆಯ ಕಂತು: ಕಲ್ನಾರು ಬಟ್ಟೆಗೆ ಲೇಪನ, ದ್ರಾವಕ ಮರುವಸೂಲಿ, ಆವಿ ಹೀರುವಿಕೆ, ನೀರಿನಿಂದ ದೂಳು ಹಿಡಿಯುವುದು. ನಿಯಮ ಸಂಹಿತೆಯಲ್ಲಿ ಇದು 427ನೆಯ ಭಾಗ. ಓದಿ ನೋಡಿದರೆ ಕೆಲವು ಕಡೆ ನಗು ಬರುತ್ತದೆ. ಪೈಪಿನ ಮಿತಿ ಟನ್ನಿಗೆ ಇಷ್ಟು ಕಿಲೋ ಎಂದಿದ್ದರೆ, ನೆಲದ ಬಿಲ್ಲೆಯ ಮಿತಿ ಸಾವಿರ ಬಿಲ್ಲೆಗೆ ಇಷ್ಟು ಎಂದಿದೆ. ಬಿಲ್ಲೆಯ ಉದ್ದ, ಅಗಲ, ದಪ್ಪವನ್ನೂ ಬರೆದಿದ್ದಾರೆ. ಗುಮಾಸ್ತರ ನಿಷ್ಠೆ ಅಂದರೆ ಇದು. ಮಿಲ್‌ಬೋರ್ಡಿನವರಿಗೆ ಮಾತ್ರ ಒಂದೇ ವಾಕ್ಯ: ನದಿಗೆ ಏನೂ ಬಿಡುವಂತಿಲ್ಲ.

ಇಂಥ ಪ್ರತಿ ನಿಯಮದ ಜತೆಗೂ ಇದರಿಂದ ಉದ್ಯಮಕ್ಕೆ ಎಷ್ಟು ಪೆಟ್ಟು ಎಂಬ ಆರ್ಥಿಕ ಲೆಕ್ಕ ಬೇಕಾಗುತ್ತಿತ್ತು. ಕಾನೂನೇ ಹಾಗೆ ಹೇಳಿತ್ತು: ಮೊದಲ ಗಡುವಿನ ಮಟ್ಟ ನಿಗದಿ ಮಾಡುವಾಗ ಖರ್ಚನ್ನೂ ಅದರಿಂದ ಕಡಿಮೆಯಾಗುವ ಕೊಳೆಯನ್ನೂ ಎದುರೆದುರು ಇಟ್ಟು ನೋಡಿ. ಈ ಲೆಕ್ಕ ಹೇಗೆ ಮಾಡುತ್ತಾರೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ನಾವು ಪತ್ರಿಕೆಯಲ್ಲಿ ಓದುವುದು ಎಷ್ಟು ಕಾರ್ಖಾನೆ ಮುಚ್ಚುತ್ತವೆ ಎಂಬ ಕೊನೆಯ ಅಂಕಿಯನ್ನು ಮಾತ್ರ.

ಮೊದಲು ಮಾದರಿ ಕಾರ್ಖಾನೆ ಅಂತ ಒಂದನ್ನು ಕಾಗದದ ಮೇಲೆ ಕಟ್ಟುತ್ತಾರೆ. ನಿಜವಾದ ಕಾರ್ಖಾನೆಗಳ ಲೆಕ್ಕಪುಸ್ತಕ ಗುಟ್ಟು, ಹಾಗಾಗಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಎರಡು ಮೂರು ಗೊಂಬೆ ಮಾಡಿಕೊಳ್ಳುತ್ತಾರೆ. ಅದಕ್ಕೆ ಬೇಕಾದ ತೊಟ್ಟಿ, ಪಂಪು, ಕ್ಷಾರ ಇಳಿಸುವ ಆಮ್ಲ, ಕೆಸರು ಸಾಗಿಸುವ ಬಾಡಿಗೆ ಎಲ್ಲ ಸೇರಿಸಿ ವರ್ಷದ ಖರ್ಚಿಗೆ ಇಳಿಸುತ್ತಾರೆ. ಉದಾಹರಣೆಗೆ, ಇದು ಲೆಕ್ಕಕ್ಕೆಂದು ನಾನು ಹಿಡಿದ ಅಂಕಿ, ಒಂದು ಲಕ್ಷ ಡಾಲರ್ ಹಾಕಿ ತೊಟ್ಟಿ ಕಟ್ಟಿದಿರಿ, ಬಡ್ಡಿ ನೂರಕ್ಕೆ ಹತ್ತು, ತೊಟ್ಟಿಯ ಆಯಸ್ಸು ಹತ್ತು ವರ್ಷ. ಆಗ ಬಡ್ಡಿ ಅಸಲು ಸೇರಿ ವರ್ಷಕ್ಕೆ ಸುಮಾರು 16,300 ಡಾಲರ್ ಬೀಳುತ್ತದೆ. ಅದರ ಮೇಲೆ ಆಮ್ಲ, ಕರೆಂಟು, ಆಳು. ಇದನ್ನು ವರ್ಷದ ಟನ್ನುಗಳಿಂದ ಭಾಗಿಸಿದರೆ ಟನ್ನಿಗೆ ಎಷ್ಟು ಹೆಚ್ಚಿತು ಅಂತ ಸಿಗುತ್ತದೆ.

ಇಲ್ಲಿ ಚಿಕ್ಕವರ ಗ್ರಹಚಾರ ಶುರುವಾಗುತ್ತದೆ. ಎಂಜಿನಿಯರುಗಳಲ್ಲಿ ಒಂದು ಹಳೆಯ ಸೂತ್ರವಿದೆ. ತೊಟ್ಟಿಯ ಗಾತ್ರ ಎರಡು ಪಟ್ಟಾದರೆ ಖರ್ಚು ಎರಡು ಪಟ್ಟಾಗುವುದಿಲ್ಲ, ಸುಮಾರು ಒಂದೂವರೆ ಪಟ್ಟಾಗುತ್ತದೆ. ಕಬ್ಬಿಣ ಹೋಗುವುದು ತೊಟ್ಟಿಯ ಮೈಗೆ, ನೀರು ತುಂಬುವುದು ಹೊಟ್ಟೆಗೆ. ಇದನ್ನೇ ಕೆಳಮುಖವಾಗಿ ನೋಡಿ: ಹತ್ತರಲ್ಲಿ ಒಂದು ಪಾಲು ಮಾಲು ಮಾಡುವ ಕಾರ್ಖಾನೆಗೆ ತೊಟ್ಟಿಯ ಖರ್ಚು ಹತ್ತರಲ್ಲಿ ಒಂದು ಪಾಲಾಗುವುದಿಲ್ಲ, ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಅಂದರೆ ಟನ್ನಿನ ಲೆಕ್ಕದಲ್ಲಿ ಚಿಕ್ಕವನಿಗೆ ದೊಡ್ಡವನ ಎರಡೂವರೆ ಪಟ್ಟು ಭಾರ. ನಿಯಮ ಇಬ್ಬರಿಗೂ ಒಂದೇ. ಅದರ ಮೇಲೆ ಚಿಕ್ಕ ಕಾರ್ಖಾನೆ ಬಹಳ ಸಲ ಹಳೆಯದು, ಊರು ಬೆಳೆದು ಸುತ್ತ ಕಟ್ಟಡ ಬಂದಿರುತ್ತದೆ, ತೊಟ್ಟಿ ಕಟ್ಟಲು ಅಂಗೈಯಗಲ ಜಾಗವಿರುವುದಿಲ್ಲ. ಪೇಟೆಯ ಒಳಗಿದ್ದವರಿಗೆ ಒಂದು ದಾರಿ ಇತ್ತು: ನೀರನ್ನು ಪುರಸಭೆಯ ಒಳಚರಂಡಿಗೆ ಬಿಟ್ಟು ಶುಲ್ಕ ಕಟ್ಟುವುದು. ಆದರೆ ಒಳಚರಂಡಿಗೂ ಹಾಗೇ ಬಿಡುವಂತಿಲ್ಲ, ಕೊಳವೆ ಕಟ್ಟದ ಹಾಗೆ ಮೊದಲೇ ಒಂದಿಷ್ಟು ಶುದ್ಧಿ ಮಾಡಬೇಕು.

ಮುಂದಿನ ಪ್ರಶ್ನೆ, ಈ ಖರ್ಚನ್ನು ಯಾರ ತಲೆಗೆ ಕಟ್ಟುವುದು? ಎಲ್ಲ ಕಾರ್ಖಾನೆಗೂ ಒಂದೇ ಖರ್ಚು ಬಿದ್ದರೆ ಎಲ್ಲರೂ ಬೆಲೆ ಏರಿಸಬಹುದು, ಗಿರಾಕಿ ಕೊಡುತ್ತಾನೆ. ಆದರೆ ಕಲ್ನಾರು ಪೈಪಿನವನಿಗೆ ಆ ಧೈರ್ಯ ಸಾಲದು. ಪಕ್ಕದಲ್ಲೇ ಪಿವಿಸಿ ಪೈಪು ನಿಂತಿದೆ, ಇನ್ನೊಂದು ಪಕ್ಕ ಎರಕದ ಕಬ್ಬಿಣದ ಹೊಸ ತಳಿ, ಡಕ್ಟೈಲ್ ಕಬ್ಬಿಣದ ಪೈಪು. ನೆಲದ ಬಿಲ್ಲೆಗೆ ಕಲ್ನಾರಿಲ್ಲದ ವಿನೈಲ್ ಪೈಪೋಟಿ. ಬೆಲೆ ಎರಡು ಕಾಸು ಏರಿಸಿದರೆ ಗಿರಾಕಿ ಆ ಕಡೆ ನೋಡುತ್ತಾನೆ. ಆದ್ದರಿಂದ ಖರ್ಚಿನ ಒಂದು ಪಾಲು ಮಾಲೀಕನ ಲಾಭದಿಂದಲೇ ಹೋಗಬೇಕು.

ಹಾಗಿದ್ದರೆ ಮಾಲೀಕ ಬಾಗಿಲು ಹಾಕುವುದು ಯಾವಾಗ? ನಷ್ಟವಾದಾಗ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಥಶಾಸ್ತ್ರಜ್ಞರ ಲೆಕ್ಕ ಬೇರೆ. ಇನ್ನು ಮುಂದೆ ಈ ಕಾರ್ಖಾನೆಯಿಂದ ಬರಬಹುದಾದ ಹಣವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಅದು ಈಗಲೇ ಜಾಗ, ಯಂತ್ರ, ಗುಜರಿ ಎಲ್ಲ ಮಾರಿದರೆ ಬರುವ ಹಣಕ್ಕಿಂತ ಕಡಿಮೆಯಾದರೆ ಬಾಗಿಲು ಹಾಕುತ್ತಾನೆ. ಸಣ್ಣ ಲಾಭದಲ್ಲಿ ಹೇಗೋ ನಡೆಯುತ್ತಿದ್ದ ಹಳೆಯ ಕಾರ್ಖಾನೆ ಈ ಗೆರೆಯ ಮೇಲೆಯೇ ಕುಳಿತಿರುತ್ತದೆ. ಯಂತ್ರದ ಅಸಲು ಎಂದೋ ತೀರಿದೆ, ಆದ್ದರಿಂದ ನಡೆಸುತ್ತಿದ್ದಾನೆ. ಈಗ ಹೊಸ ದುಡ್ಡು ತೆಗೆದು ತೊಟ್ಟಿಗೆ ಹಾಕು ಅಂದರೆ, ಅವನು ಮೊದಲ ಸಲ ಕುಳಿತು ಯೋಚಿಸುತ್ತಾನೆ: ಈ ದುಡ್ಡನ್ನು ಇದಕ್ಕೇ ಯಾಕೆ ಹಾಕಬೇಕು? ನೀರಿನ ನಿಯಮದಿಂದ ಮುಚ್ಚಿದವು ಎಂದು ಹೇಳಿಕೊಂಡ ಎಷ್ಟೋ ಕಾರ್ಖಾನೆಗಳ ಒಳಕಥೆ ಇದು. ಬೀಳುವ ಮರಕ್ಕೆ ಗಾಳಿಯ ನೆಪ. ಹಾಗಂತ ಗಾಳಿ ಬೀಸಲೇ ಇಲ್ಲ ಅನ್ನಲೂ ಆಗದು. ಕೆಲಸ ಕಳೆದುಕೊಂಡವನಿಗೆ ಮರ ಮೊದಲೇ ಟೊಳ್ಳಾಗಿತ್ತು ಎಂದು ಹೇಳಿ ಏನು ಪ್ರಯೋಜನ?

ಕಾನೂನಿಗೆ ಈ ಮರುಕ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಜಲ್ಲಿಕಲ್ಲು ಉದ್ಯಮದವರು ಹೂಡಿದ್ದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಕೈಲಾಗುವುದಿಲ್ಲ, ವಿನಾಯಿತಿ ಕೊಡಿ ಎಂಬುದು ಅವರ ವಾದ. 1980ರಲ್ಲಿ ಕೋರ್ಟು ಒಪ್ಪಲಿಲ್ಲ. ಕೆಲವು ಕಾರ್ಖಾನೆ ಮುಚ್ಚಬಹುದು ಎಂದು ಗೊತ್ತಿದ್ದೇ ಕಾಂಗ್ರೆಸ್ಸು ಈ ಕಾನೂನು ಮಾಡಿದೆ, ಕೈಲಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ ಎಂದಿತು. ಮೊದಲೇ ಇಡೀ ಉದ್ಯಮದ ಲೆಕ್ಕ ಹಾಕಿ ಮಟ್ಟ ನಿಗದಿ ಮಾಡಿದ ಮೇಲೆ ಒಬ್ಬೊಬ್ಬರ ಜೇಬು ನೋಡುತ್ತ ಕೂರುವುದಿಲ್ಲ, ಇಷ್ಟೇ ತಾತ್ಪರ್ಯ.

ಇನ್ನು ತೊಟ್ಟಿಯ ಬಳಿಗೆ ವಾಪಸ್ ಬರೋಣ. ನೀರು ಹೊರಗೇ ಬಿಡಬಾರದು ಅಂದರೆ ಸುಲಭ ಅಲ್ಲವೇ, ಸುತ್ತು ಹಾಕಿಸಿ ಅದನ್ನೇ ಬಳಸಿದರಾಯಿತು ಅಂತ ನಿಮಗೆ ಅನ್ನಿಸಬಹುದು. ಯಂತ್ರ ನಡೆಸುವವರನ್ನು ಕೇಳಿ. ಅದೇ ನೀರು ಸುತ್ತುತ್ತ ಸುತ್ತುತ್ತ ಸುಣ್ಣ ಹೆಚ್ಚುತ್ತದೆ. ಪೈಪಿನ ಒಳಗೆ, ಪಂಪಿನ ಬಾಯಲ್ಲಿ, ಪಾತ್ರೆಯಲ್ಲಿ ಉಪ್ಪುನೀರು ಕಾಯಿಸಿದರೆ ಕಟ್ಟುತ್ತದಲ್ಲ, ಹಾಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಕಂಬಳಿಪಟ್ಟಿಯ ರಂಧ್ರಗಳೆಲ್ಲ ಮುಚ್ಚಿ ನೀರು ಹೀರುವುದು ನಿಲ್ಲುತ್ತದೆ. ನಾರಿನ ಕೆನೆ ಸರಿಯಾಗಿ ಕೂರದೆ ಶೀಟು ಪದರು ಬಿಡುತ್ತದೆ. ಪೈಪಿನವರಿಗೆ ಇನ್ನೂ ಒಂದು ಉಪದ್ರವ: ಪೈಪನ್ನು ಬಿಸಿ ಹಬೆಯ ಆಟೋಕ್ಲೇವಿನಲ್ಲಿ ಬೇಯಿಸುತ್ತಾರೆ, ಅಲ್ಲಿಂದ ಬಸಿದ ನೀರಿನಲ್ಲಿ ಕರಗಿದ ಸಿಲಿಕಾ ತುಂಬಿರುತ್ತದೆ, ಅದು ತಣ್ಣಗಾದಲ್ಲೆಲ್ಲ ಗಾಜಿನಂತೆ ಅಂಟುತ್ತದೆ. ಆದ್ದರಿಂದ ಸ್ವಲ್ಪ ಹಳೆಯ ನೀರು ಬಿಟ್ಟು ಸ್ವಲ್ಪ ಹೊಸದು ತುಂಬುತ್ತಿರಲೇಬೇಕು. ನೂರಕ್ಕೆ ತೊಂಬತ್ತು ಪಾಲು ತಡೆಯುವುದು ಅಗ್ಗ, ಲಾಭವೂ ಹೌದು. ಕೊನೆಯ ಹತ್ತು ಪಾಲಿಗೇ ದುಡ್ಡು ಸುರಿಯಬೇಕು. 1977ರ ಮಟ್ಟವನ್ನು ಉದ್ಯಮ ಗೊಣಗುತ್ತ ಒಪ್ಪಿಕೊಂಡು 1983ರ ಮಟ್ಟಕ್ಕೆ ಹೌಹಾರಿದ್ದರ ಅರ್ಥ ಇಷ್ಟೇ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಲುವು ಕೇಳಿದರೆ: ಕಲ್ನಾರು ಉದ್ಯಮಕ್ಕೆ ನೀರಿನ ನಿಯಮ ಹೊರಲಾರದ ಹೊರೆ ಆಗಿರಲಿಲ್ಲ. ಹೊರಗೆ ಹೋಗುತ್ತಿದ್ದದ್ದು ಅವರದೇ ಮಾಲು. ತಡೆದರೆ ಒಂದಿಷ್ಟು ವಾಪಸ್ ಬರುತ್ತಿತ್ತು. ಲೆಕ್ಕ ಮಾಡಿದವರೂ ಪ್ರಾಮಾಣಿಕವಾಗಿಯೇ ಮಾಡಿದರು. ಆದರೆ ಅವರು ಯಾವುದನ್ನು ಅಳೆದರು ಅನ್ನುವಲ್ಲಿ ನನಗೆ ತಕರಾರಿದೆ.

ನಿಯಮದ ಹೆಸರಲ್ಲಿ ಕಲ್ನಾರು ಇದೆ. ಅಳೆಯುವುದು ಏನನ್ನು? ನೀರಿನಲ್ಲಿ ತೇಲುವ ಒಟ್ಟು ಗಟ್ಟಿ ಪದಾರ್ಥ, ಪಿಎಚ್ 6ರಿಂದ 9ರೊಳಗಿದೆಯೇ, ಕೆಲವು ಕಡೆ ರಾಸಾಯನಿಕ ಆಮ್ಲಜನಕದ ಬೇಡಿಕೆ, ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಸುಟ್ಟು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಕಲ್ನಾರಿನ ಎಳೆ ಎಷ್ಟಿದೆ ಎಂಬ ಅಂಕಿ ಎಲ್ಲೂ ಇಲ್ಲ. ಕಳ್ಳತನವೇನೂ ಅಲ್ಲ, ಎಳೆ ಎಣಿಸಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ದಿನಾ ಬೆಳಗ್ಗೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಮಾಡುವ ಕೆಲಸವಲ್ಲ. ಗಟ್ಟಿ ಪದಾರ್ಥದ ಪರೀಕ್ಷೆ ಸುಲಭ: ನೀರನ್ನು ಸೋಸು, ಸೋಸುಕಾಗದವನ್ನು 103ರಿಂದ 105 ಡಿಗ್ರಿ ಬಿಸಿಯಲ್ಲಿ ಒಣಗಿಸು, ತೂಗು.

ತೂಗಿದರೆ ಏನಾಗುತ್ತದೆ ನೋಡಿ. ಹತ್ತು ಮೈಕ್ರೋಮೀಟರ್ ಉದ್ದ, ಒಂದು ಮೈಕ್ರೋಮೀಟರಿನ ಹತ್ತನೇ ಒಂದು ಭಾಗ ದಪ್ಪದ ಎಳೆ ಹಿಡಿಯಿರಿ. ಬಿಳಿ ಕಲ್ನಾರಿನ ಒಂಟಿ ಎಳೆ ಇದಕ್ಕಿಂತಲೂ ಸಣ್ಣ, ನಾನು ಧಾರಾಳವಾಗಿಯೇ ಹಿಡಿದಿದ್ದೇನೆ. ಇಂಥ 70 ಲಕ್ಷ ಎಳೆಗಳ ಒಟ್ಟು ತೂಕ ಒಂದು ಮಿಲಿಗ್ರಾಮಿನ ಏಳುನೂರರಲ್ಲಿ ಒಂದು ಭಾಗದ ಆಸುಪಾಸು. 70 ಲಕ್ಷ ಯಾಕೆ ಹಿಡಿದೆ ಅಂದರೆ, ಮುಂದೆ 1991ರಲ್ಲಿ ಇಪಿಎ ಕುಡಿಯುವ ನೀರಿಗೆ ಹಾಕಿದ ಮಿತಿ ಅದು: ಲೀಟರಿಗೆ, ಹತ್ತು ಮೈಕ್ರೋಮೀಟರಿಗಿಂತ ಉದ್ದದ ಎಳೆ 70 ಲಕ್ಷ. ಈ ಎಳೆಗಳನ್ನು ಸೋಸುಕಾಗದ ಹಿಡಿದೇ ಹಿಡಿಯುತ್ತದೆ ಅಂದುಕೊಂಡರೂ ತಕ್ಕಡಿಗೆ ಅವು ಗೊತ್ತೇ ಆಗುವುದಿಲ್ಲ. ಕಣ್ಣಿಗೆ ತಿಳಿನೀರು, ತಕ್ಕಡಿಗೆ ತಿಳಿನೀರು.

ಇದೇ ಹೊತ್ತಿನಲ್ಲಿ ಮಿನೆಸೋಟದಲ್ಲಿ ಒಂದು ದೊಡ್ಡ ಜಗಳ ನಡೆಯುತ್ತಿತ್ತು. ಅದು ಕಲ್ನಾರು ಕಾರ್ಖಾನೆಯದ್ದಲ್ಲ, ಕಬ್ಬಿಣದ ಅದಿರಿನದ್ದು. ರಿಸರ್ವ್ ಮೈನಿಂಗ್ ಕಂಪನಿ ಸಿಲ್ವರ್ ಬೇ ಎಂಬಲ್ಲಿ ಟ್ಯಾಕೊನೈಟ್ ಕಲ್ಲನ್ನು ಹುಡಿ ಮಾಡಿ ಕಬ್ಬಿಣ ತೆಗೆದು, ಉಳಿದ ಹುಡಿಯನ್ನು ಲೇಕ್ ಸುಪೀರಿಯರ್ ಸರೋವರಕ್ಕೆ ಸುರಿಯುತ್ತಿತ್ತು. ದಿನಕ್ಕೆ 67,000 ಟನ್. 1973ರಲ್ಲಿ, ದಡದ ಕೆಳಗಿನ ಡುಲುತ್ ನಗರದ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳಿವೆ ಎಂದು ಇಪಿಎ ಪ್ರಕಟಿಸಿತು. 1974ರ ಏಪ್ರಿಲ್ 20ರಂದು ನ್ಯಾಯಾಧೀಶ ಮೈಲ್ಸ್ ಲಾರ್ಡ್ ಕಾರ್ಖಾನೆ ಮುಚ್ಚಿ ಎಂದು ಆದೇಶಿಸಿದರು. ಸುಮಾರು 3000 ಜನರ ಕೆಲಸ. ಎರಡೇ ದಿನಕ್ಕೆ ಮೇಲ್ಮನವಿ ನ್ಯಾಯಾಲಯ ತಡೆ ಕೊಟ್ಟಿತು. ಮುಂದೆ 1975ರಲ್ಲಿ, ನುಂಗಿದ ಎಳೆಯಿಂದ ಕೂಡಲೇ ಅಪಾಯ ಎಂಬುದು ಸಾಬೀತಾಗಿಲ್ಲ, ಆದರೆ ಆತಂಕಕ್ಕೆ ಕಾರಣವಿದೆ, ಸಮಯ ಕೊಡುತ್ತೇವೆ, ಸುರಿಯುವುದನ್ನು ನಿಲ್ಲಿಸಿ ಎಂಬ ತೀರ್ಪು ಬಂತು. 1980ರಲ್ಲಿ ನೆಲದ ಮೇಲೆ ಹುಡಿ ಹಾಕುವ ವ್ಯವಸ್ಥೆ ಸಿದ್ಧವಾಯಿತು. ಖರ್ಚು ಸುಮಾರು 37 ಕೋಟಿ ಡಾಲರ್. 1986ರಲ್ಲಿ ಕಂಪನಿ ದಿವಾಳಿಯಾಯಿತು. ನೀರಿನ ಕಾನೂನು ಕೊಂದಿತು ಅನ್ನುವವರು ಇದ್ದಾರೆ. ಆ ದಶಕದಲ್ಲಿ ಅಮೆರಿಕದ ಉಕ್ಕಿನ ಉದ್ಯಮವೇ ಮಕಾಡೆ ಮಲಗಿತ್ತು, ರಿಸರ್ವ್‌ನ ಒಡೆಯರು ಎರಡು ಉಕ್ಕಿನ ಕಂಪನಿಗಳು ಎಂಬುದನ್ನು ಅವರು ಹೇಳುವುದಿಲ್ಲ.

ಒಂದೇ ನೀರು, ಎರಡು ಬಗೆಯ ಲೆಕ್ಕ. ಅಲ್ಲಿ ಎಳೆ ಎಣಿಸಿದರು, ಇಲ್ಲಿ ಗಟ್ಟಿ ಪದಾರ್ಥ ತೂಗಿದರು.

ಇನ್ನೊಂದು ಗಂಟು. 1973ರ ಏಪ್ರಿಲ್‌ನಲ್ಲಿ ಇಪಿಎಯ ಗಾಳಿಯ ವಿಭಾಗ ಕಲ್ನಾರು ಕಾರ್ಖಾನೆಗಳಿಗೆ ನಿಯಮ ಹಾಕಿತು: ಕಣ್ಣಿಗೆ ಕಾಣುವ ದೂಳು ಹೊರಬರಬಾರದು, ಇಲ್ಲವೇ ಹೇಳಿದ ಶೋಧಕ ಹಾಕಿ. ಕೆಲವು ಕಾರ್ಖಾನೆಗಳು ನೀರು ಸಿಂಪಡಿಸಿ ದೂಳು ಹಿಡಿಯುತ್ತಿದ್ದವು. ಹಿಡಿದ ದೂಳು ನೀರಿಗೆ ಬಂತು. ಆಗ ನೀರಿನ ವಿಭಾಗ ಅದಕ್ಕೊಂದು ನಿಯಮ ಮಾಡಿತು, ಆಗಲೇ ಹೇಳಿದೆನಲ್ಲ, ಎರಡನೆಯ ಕಂತಿನ ಕೊನೆಯ ಹೆಸರು. ನೀರಿನಿಂದ ತೆಗೆದದ್ದು ಕೆಸರಾಯಿತು, ಕೆಸರು ಹಿತ್ತಲಿನ ಹೊಂಡಕ್ಕೆ ಹೋಯಿತು. ಗಾಳಿಯಿಂದ ನೀರಿಗೆ, ನೀರಿನಿಂದ ನೆಲಕ್ಕೆ. ಪ್ರತಿ ವಿಭಾಗದ ಆರ್ಥಿಕ ಲೆಕ್ಕವೂ ತನ್ನ ಪಾಲಿನ ಖರ್ಚನ್ನು ಮಾತ್ರ ಬರೆದುಕೊಂಡಿತು. ಮಿಷಿಗನ್ ಸರೋವರದ ದಡದ ವಾಕೀಗನ್‌ನಲ್ಲಿ ಜಾನ್ಸ್-ಮ್ಯಾನ್ವಿಲ್ ಕಂಪನಿ ಕಲ್ನಾರಿನ ಕಸ ಸುರಿಯುತ್ತಿದ್ದ ಜಾಗ 1983ರಲ್ಲಿ, ಪೆನ್ಸಿಲ್ವೇನಿಯಾದ ಆಂಬ್ಲರ್ ಊರಿನ ಕಲ್ನಾರು ಗುಡ್ಡೆಗಳು 1986ರಲ್ಲಿ, ದೇಶದ ಅತ್ಯಂತ ಕೆಟ್ಟ ಕಸದ ತಾಣಗಳ ಪಟ್ಟಿಗೆ ಸೇರಿದವು. ಗುಡ್ಡೆ ಅಂದರೆ ನಿಜವಾಗಿಯೂ ಗುಡ್ಡೆ. ಆಂಬ್ಲರ್‌ನಲ್ಲಿ ಅದರ ಪಕ್ಕದಲ್ಲೇ ಮನೆಗಳಿದ್ದವು.

ಈಗ ಅಸಲಿ ಬಿಲ್ಲಿನ ಮಾತು. ನೀರಿನ ನಿಯಮ ಬರೆಯುತ್ತಿದ್ದ 1973ರಲ್ಲೇ ಅಮೆರಿಕ ಅತಿ ಹೆಚ್ಚು ಕಲ್ನಾರು ಬಳಸಿತು: ಸುಮಾರು 8,03,000 ಟನ್. 1980ಕ್ಕೆ ಅದು ಸುಮಾರು 3,59,000 ಟನ್. ಏಳು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. 1983ರ ಕಠಿಣ ಗಡುವು ಇನ್ನೂ ಬಂದೇ ಇರಲಿಲ್ಲ. ಏನಾಯಿತು?

1972ರ ಜೂನ್‌ನಲ್ಲಿ ಕಾರ್ಮಿಕ ಸುರಕ್ಷತೆಯ ಸಂಸ್ಥೆ, ಓಶಾ, ಕೆಲಸದ ಜಾಗದ ಗಾಳಿಗೆ ಮಿತಿ ಹಾಕಿತ್ತು: ಒಂದು ಘನ ಸೆಂಟಿಮೀಟರಿಗೆ 5 ಎಳೆ, 1976ರಿಂದ 2. ಗಮನಿಸಿ, ಇಲ್ಲಿ ಎಳೆ ಎಣಿಸಿದರು. 1973ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ಬೊರೆಲ್ ಎಂಬ ಕಾರ್ಮಿಕನ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆತ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಲ್ನಾರಿನ ಶಾಖರಕ್ಷಕ ಹೊದಿಕೆ ಕಟ್ಟುವ ಕೆಲಸ ಮಾಡಿದವನು. ಸಾಮಾನು ಮಾಡಿದವರು ಅಪಾಯದ ಎಚ್ಚರಿಕೆ ಕೊಡಬೇಕಿತ್ತು, ಕೊಡಲಿಲ್ಲ, ಹೊಣೆ ಅವರದು ಎಂದಿತು ಕೋರ್ಟು. ತೀರ್ಪು ಬರುವಾಗ ಆತ ಬದುಕಿರಲಿಲ್ಲ. ಅಲ್ಲಿಂದ ಮೊಕದ್ದಮೆಗಳ ಮಳೆ. 1982ರ ಆಗಸ್ಟ್ 26ರಂದು, ಉದ್ಯಮದ ದೊಡ್ಡಣ್ಣನಂತಿದ್ದ ಜಾನ್ಸ್-ಮ್ಯಾನ್ವಿಲ್, ಆಗ ಅದರ ಹೆಸರು ಬರೀ ಮ್ಯಾನ್ವಿಲ್, ದಿವಾಳಿ ಕಾನೂನಿನ ಆಸರೆ ಕೋರಿತು. ಅದರ ಮೇಲೆ ಆಗ ಸುಮಾರು 16,500 ಮೊಕದ್ದಮೆಗಳಿದ್ದವು. ಕಂಪನಿಯ ಖಜಾನೆ ಖಾಲಿಯಾಗಿರಲಿಲ್ಲ. ಸಾಲ ಕಳೆದು ಉಳಿಯುವ ಆಸ್ತಿಯೇ ನೂರು ಕೋಟಿ ಡಾಲರಿಗೂ ಹೆಚ್ಚು. ಮುಂದೆ ಬರಲಿರುವ ರೋಗಿಗಳಿಗೆ ಹೆದರಿ ದಿವಾಳಿ ಕೋರ್ಟಿನ ಬಾಗಿಲು ತಟ್ಟಿತು. ನಾರು ಎದೆಯೊಳಗೆ ಹೋಗಿ ಕ್ಯಾನ್ಸರ್ ಆಗಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುತ್ತದೆ. ಆದ್ದರಿಂದ ಆ ಬಿಲ್ಲು ಎಷ್ಟಾಗುತ್ತದೆಂದು ಯಾರ ಪುಸ್ತಕದಲ್ಲೂ ಬರೆದಿರಲಿಲ್ಲ.

ನೀರಿನ ಲೆಕ್ಕ ಮಾಡಿದವರು ತಮ್ಮ ಮಾದರಿ ಕಾರ್ಖಾನೆಯ ಲಾಭದಿಂದ ತೊಟ್ಟಿಯ ಖರ್ಚನ್ನು ಕಳೆದು, ಉಳಿದ ಲಾಭವನ್ನು ಮುಂದಿನ ವರ್ಷಗಳಿಗೂ ಹಾಗೇ ಎಳೆದರು. ಕಳೆದದ್ದು ಸರಿ. ಎಳೆದ ಗೆರೆಯೇ ಸುಳ್ಳಾಯಿತು. ಆ ಲಾಭವೇ ಕಾರ್ಮಿಕರ ಶ್ವಾಸಕೋಶದಿಂದ ತಂದ ಕೈಗಡ ಆಗಿತ್ತು.

ಇನ್ನೊಂದು ಅಂಕಿಯ ಆಟ ಹೇಳಿ ನಿಲ್ಲಿಸುತ್ತೇನೆ. 1989ರಲ್ಲಿ ಇಪಿಎ ಕಲ್ನಾರಿನ ಹೆಚ್ಚಿನ ಸಾಮಾನುಗಳನ್ನು ಹಂತಹಂತವಾಗಿ ನಿಷೇಧಿಸಲು ಹೊರಟಿತು. 1991ರಲ್ಲಿ ಅದೇ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ, ಬೊರೆಲ್ ತೀರ್ಪು ಕೊಟ್ಟ ನ್ಯಾಯಾಲಯವೇ, ಆ ನಿಷೇಧದ ಬಹುಭಾಗವನ್ನು ರದ್ದು ಮಾಡಿತು. ಪೈಪಿನ ನಿಷೇಧಕ್ಕೆ 12.8 ಕೋಟಿಯಿಂದ 22.7 ಕೋಟಿ ಡಾಲರ್, ಉಳಿಯುವುದು ಸುಮಾರು ಮೂರು ಜೀವ, ಅಂದರೆ ಒಂದು ಜೀವಕ್ಕೆ 4.3 ಕೋಟಿಯಿಂದ 7.6 ಕೋಟಿ, ಇದು ಯಾವ ನ್ಯಾಯ ಎಂದು ಕೇಳಿತು. ಹಲ್ಲುಕಡ್ಡಿ ನುಂಗಿ ಇದಕ್ಕಿಂತ ಹೆಚ್ಚು ಜನ ಸಾಯುತ್ತಾರೆ ಎಂಬ ಅಡಿಟಿಪ್ಪಣಿಯೂ ಆ ತೀರ್ಪಿನಲ್ಲಿದೆ. ಹಾಸ್ಯವೋ ಗಾಂಭೀರ್ಯವೋ, ನೀವೇ ಹೇಳಿ.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಒಬ್ಬರು ಎದ್ದು, ಹಾಗಿದ್ದರೆ ನೀರಿನ ನಿಯಮದಿಂದ ಏನೂ ಆಗಲಿಲ್ಲ ಅನ್ನುತ್ತೀರಾ ಸರ್ ಎಂದು ಕೇಳಿದರು. ಆಯಿತು. ಕ್ಷಾರದ ನೀರು ಹೊಳೆಗೆ ಹೋಗುವುದು ನಿಂತಿತು, ಅದು ಸಣ್ಣ ಕೆಲಸವಲ್ಲ. ಗಟ್ಟಿ ಪದಾರ್ಥ ಕೂರಿಸುವಾಗ ಅದರ ಜತೆ ಎಳೆಗಳೂ ಸಾಕಷ್ಟು ಕೂತಿರುತ್ತವೆ. ಅಷ್ಟು ಬೇಕೆಂದಿದ್ದರು, ಅಷ್ಟು ಸಿಕ್ಕಿತು. ಇನ್ನೊಬ್ಬರು, ಈ ನಿಯಮ ಈಗ ಏನಾಗಿದೆ ಎಂದರು. ಇದೆ. ಅಮೆರಿಕದ ಕೊನೆಯ ಕಲ್ನಾರು ಗಣಿ 2002ರಲ್ಲಿ ಮುಚ್ಚಿತು. ಆಮೇಲಿನ ವರ್ಷಗಳಲ್ಲಿ ತರಿಸಿದ ಕಚ್ಚಾ ಕಲ್ನಾರೆಲ್ಲ ಹೆಚ್ಚುಕಡಿಮೆ ಕ್ಲೋರಿನ್ ತಯಾರಿಸುವ ಕಾರ್ಖಾನೆಗಳಿಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಇಪಿಎ ಅದನ್ನೂ ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು. 427ನೆಯ ಭಾಗ ಮಾತ್ರ ಸಂಹಿತೆಯಲ್ಲಿ ಹಾಗೇ ಇದೆ, ಸಾವಿರ ಬಿಲ್ಲೆಗೆ ಎಷ್ಟು ಕೊಳೆ ಬಿಡಬಹುದು ಎಂಬ ಸಾಲಿನ ಸಮೇತ, ಬಿಲ್ಲೆಯ ದಪ್ಪದ ಸಮೇತ.